ಬಾಗಿಲಿಗೆ ಬೆನ್ನು ಹಾಕಿ ಕೂತವನು

ಫ್ರಿಜ್ಜಿನ ಬಾಗಿಲಿಗೆ ಸೊಸೆ ಅಂಟಿಸಿದ್ದ ಹಾಳೆಯಲ್ಲಿ ಏಳು ಸಾಲುಗಳಿದ್ದವು. ಕನ್ನಡಕವಿಲ್ಲದೆ ಓದಲು ಲುವಾನ್ ಅಜ್ಜಿಗೆ ಆಗುತ್ತಿರಲಿಲ್ಲ. ಕನ್ನಡಕ ಹುಡುಕುವ ಮನಸ್ಸೂ ಇರಲಿಲ್ಲ. ಹೇಗೂ ಸೊಸೆ ಫೆಂಗ್‌ಯಿಂಗ್ ಬೆಳಗಿನಿಂದ ಅದನ್ನು ಬಾಯಲ್ಲೇ ಹೇಳುತ್ತಿದ್ದಳು.

“ಅತ್ತೆ, ಅವನ ಬಟ್ಟಲಿಗೆ ನೀವಾಗೇ ಏನೂ ಹಾಕ್ಬೇಡಿ. ನೀವು ಉಣ್ಣೋ ಎಂಜಲು ಕಡ್ಡಿಯಿಂದಂತೂ ಬೇಡವೇ ಬೇಡ. ‘ತಗೋ’ ಅಂತ ಒಂದ್ಸಲ ಅನ್ನಿ. ಬೇಡ ಅಂದ್ರೆ ಬಿಟ್ಬಿಡಿ. ಅವ್ರಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ.”

“ಬೇಡ ಅಂದೋರನ್ನ ಹಾಗೇ ಬಿಟ್ರೆ ಅದನ್ನ ಊಟ ಅಂತಾರಾ?”

“ಅವ್ರು ಅಂತಾರೆ.”

“ಪಾಪ,” ಎಂದಳು ಅಜ್ಜಿ.

ಫೆಂಗ್‌ಯಿಂಗ್ ಊರಿನ ದೊಡ್ಡ ಹೋಟೆಲೊಂದರಲ್ಲಿ ಸ್ವಾಗತದ ಮೇಜಿನ ಕೆಲಸದವಳು. ಪರದೇಶದವರನ್ನು ಉಪಚರಿಸುವುದು ಹೇಗೆಂದು ಅಲ್ಲಿ ಒಂದು ದಿನದ ತರಬೇತಿ ಕೊಟ್ಟಿದ್ದರು. ಫ್ರಿಜ್ಜಿನ ಮೇಲಿನ ಏಳು ಸಾಲು ಅಲ್ಲಿಂದ ಬಂದದ್ದು. ಇವತ್ತು ಮನೆಗೆ ಬರುತ್ತಿದ್ದವನೂ ಪರದೇಶದವನೇ. ಹೆಸರು ಓನ್ನಿ, ದೇಶ ಫಿನ್‌ಲ್ಯಾಂಡ್. ಇದೇ ವೇಯ್‌ಫಾಂಗ್ ಊರಿನ ಹೊರವಲಯದ ಕಾಗದದ ಕಾರ್ಖಾನೆಯಲ್ಲಿ ಯಂತ್ರ ಜೋಡಿಸಲು ಬಂದು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮೊಮ್ಮಗಳು ಯಾಚಿನ್ ಅವನನ್ನೇ ಮದುವೆಯಾಗುತ್ತೇನೆ ಎಂದಿದ್ದಳು. ಶರತ್ಕಾಲದಲ್ಲಿ ಮದುವೆ, ಆಮೇಲೆ ಅವನ ಊರು.

ಹುಡುಗನ ಬಣ್ಣ, ಎತ್ತರ, ಸಂಬಳ ಯಾವುದೂ ಅಜ್ಜಿಯ ತಲೆ ತಿನ್ನುತ್ತಿರಲಿಲ್ಲ. ತಿನ್ನುತ್ತಿದ್ದುದು ಒಂದೇ. ಯಾಚಿನ್ ಎಷ್ಟೇ ಹಸಿದಿದ್ದರೂ ಮೊದಲು ಬೇಡ ಎನ್ನುವ ಹುಡುಗಿ. ಎರಡನೆಯ ಸಲವೂ ಬೇಡ. ಬಾಗಿಲಲ್ಲಿ ನಿಂತು, ಶಾಲೆಯ ಚೀಲ ಹೆಗಲಲ್ಲೇ ಇಟ್ಟುಕೊಂಡು ಬೇಡ ಎನ್ನುತ್ತಿದ್ದ ಹುಡುಗಿಯನ್ನು ಮೇಜಿಗೆ ಎಳೆದು ತಂದು ಉಣ್ಣಿಸಿ ಇಪ್ಪತ್ತಾರು ವರ್ಷ ಸಾಕಿದ್ದಳು ಅಜ್ಜಿ. ಒಂದೇ ಸಲ ಕೇಳುವ ದೇಶಕ್ಕೆ ಅವಳು ಹೋದರೆ?

ಗಂಡನಿಗೂ ಅಜ್ಜಿ ಹಾಗೆಯೇ ಬಡಿಸಿದವಳು. ಅವನು ಸತ್ತ ಮೊದಲ ತಿಂಗಳು, ಮೀನಿನ ಹೊಟ್ಟೆಯ ಭಾಗ ಹಿಡಿದ ಅವಳ ಕೈ ಮೇಜಿನ ಮೇಲೆ ಅರ್ಧಕ್ಕೆ ನಿಂತುಬಿಡುತ್ತಿತ್ತು. ಆಮೇಲೆ ಕೈ ದಾರಿ ಬದಲಿಸಿ ಯಾಚಿನ್‌ಳ ಬಟ್ಟಲಿಗೆ ಹೋಗಲು ಕಲಿಯಿತು.

ಹನ್ನೊಂದೂವರೆಗೆ ಯಾಚಿನ್ ಫೋನ್ ಮಾಡಿದಳು. ತುರ್ತು ಶಸ್ತ್ರಚಿಕಿತ್ಸೆ, ಬರುವುದು ತಡವಾಗುತ್ತದೆ, ಓನ್ನಿ ಒಬ್ಬನೇ ಬರುತ್ತಾನೆ, ಊಟ ಶುರು ಮಾಡಿ.

“ಒಬ್ನೇನಾ?” ಎಂದ ಅಜ್ಜಿಯ ಮಗ ಶೊವ್‌ಯಿ. “ಅವನ ಜೊತೆ ಏನ್ ಮಾತಾಡೋದು?”

“ಸಂಬಳ ಕೇಳ್ಬೇಡಿ, ವಯಸ್ಸು ಕೇಳ್ಬೇಡಿ, ತೂಕ ಕೇಳ್ಬೇಡಿ,” ಎಂದಳು ಫೆಂಗ್‌ಯಿಂಗ್.

“ಮತ್ತೆ ಉಳಿದಿದ್ದೇನು?”

ಓನ್ನಿ ಸರಿಯಾಗಿ ಹನ್ನೆರಡಕ್ಕೆ ಬಂದ. ಚಹಾದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಯಾವುದೋ ಹಳೆಯ ಪುಸ್ತಕದಿಂದ ಇಲ್ಲಿಯ ಭಾಷೆ ಕಲಿತಿದ್ದನೆಂದು ಬಾಯಿ ತೆರೆದ ಕೂಡಲೇ ತಿಳಿಯಿತು.

“ಪೂಜ್ಯರಾದ ಅಜ್ಜಿಯವರಿಗೆ ನನ್ನ ವಂದನೆಗಳು. ಈ ಅಲ್ಪ ಕಾಣಿಕೆಯನ್ನು ಸ್ವೀಕರಿಸುವ ಕೃಪೆ ಮಾಡಬೇಕು.”

ಶೊವ್‌ಯಿ ಹೆಂಡತಿಯ ಕಿವಿಯಲ್ಲಿ, “ನಮ್ಮ ಹೆಡ್‌ಮಾಸ್ಟರ್ ಸತ್ತು ಇಲ್ಲಿ ಹುಟ್ಟಿದಾರೆ ಕಣೇ,” ಎಂದ.

ದುಂಡು ಮೇಜಿನಲ್ಲಿ ಬಾಗಿಲಿಗೆ ಎದುರಾದ ಕುರ್ಚಿ ಮನೆಯ ಯಜಮಾನನದು, ಅವನ ಬಲಗಡೆಯ ‘ಮೇಲಿನ ಕುರ್ಚಿ’ ಅತಿಥಿಯದು. ಶೊವ್‌ಯಿ ಅದನ್ನು ಹಿಂದಕ್ಕೆಳೆದು ಕೈ ತೋರಿಸಿದ.

“ಆ ಪೀಠಕ್ಕೆ ನಾನು ಅರ್ಹನಲ್ಲ,” ಎಂದು ಓನ್ನಿ ಹಿಂದೆ ಸರಿದ.

ಬೇರೆ ಯಾರಾದರೂ ಆಗಿದ್ದರೆ ಇನ್ನು ಐದು ನಿಮಿಷ ಗುದ್ದಾಟ. ಇಬ್ಬರು ತೋಳು ಹಿಡಿದೆಳೆಯಬೇಕು, ಅತಿಥಿ ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕು, ಕೊನೆಗೆ ಸೋತಂತೆ ಬಂದು ಕೂರಬೇಕು. ಅಜ್ಜಿಯ ಕೈ ಅವನ ತೋಳಿನ ಕಡೆ ಹೊರಟೂ ಬಿಟ್ಟಿತ್ತು. ಫೆಂಗ್‌ಯಿಂಗ್ ಕಣ್ಣಲ್ಲೇ ತಡೆದಳು. “ಅವ್ರಿಗೆ ಎಲ್ಲಿ ಇಷ್ಟಾನೋ ಅಲ್ಲಿ ಕೂರ್ಲಿ,” ಎಂದಳು.

ಓನ್ನಿ ಒಂದು ಕ್ಷಣ ಕಾದ. ಯಾರೂ ಎಳೆಯಲಿಲ್ಲ. ಹೋಗಿ ಬಾಗಿಲಿಗೆ ಬೆನ್ನು ಹಾಕಿ, ಅಡುಗೆಮನೆಯಿಂದ ಪಾತ್ರೆ ತರುವವರು ಕೂರುವ ಜಾಗದಲ್ಲಿ ಕೂತ. ಆಮೇಲೆ ಬಂದ ಎಂಟು ಬಗೆಯ ಅಡುಗೆಗಳೂ ಅವನ ಕಿವಿ ಸವರಿಕೊಂಡೇ ಮೇಜಿಗೆ ಇಳಿದವು.

ಕೊನೆಯದು ಮೀನು. ಶೊವ್‌ಯಿ ಎಲ್ಲ ಪಾತ್ರೆಗಳನ್ನೂ ಹೊತ್ತು ಮೇಜಿನ ನಡುವೆ ತಿರುಗುವ ದೊಡ್ಡ ಗಾಜಿನ ತಟ್ಟೆಯನ್ನು ತಿರುಗಿಸಿ, ಮೀನಿನ ತಲೆ ಓನ್ನಿಯ ಕಡೆ ಮಾಡಿದ. ಮೀನು ಯಾರ ಕಡೆ ನೋಡುತ್ತದೋ ಅವರು ಮೊದಲು ಮುಟ್ಟಬೇಕು. ಓನ್ನಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅಜ್ಜಿಯನ್ನು ನೋಡಿದ. ಅಜ್ಜಿ ಅವನನ್ನು ನೋಡಿದಳು. ಮೀನಿನ ಮೇಲಿನ ಹಬೆ ತೆಳ್ಳಗಾಗುತ್ತ ಬಂತು.

“ತಗೊಳ್ಳಿ,” ಎಂದಳು ಫೆಂಗ್‌ಯಿಂಗ್.

“ಹಿರಿಯರು ಮೊದಲು ಪ್ರಾರಂಭಿಸಲಿ.”

“ಸರಿ,” ಎಂದು ಫೆಂಗ್‌ಯಿಂಗ್ ಸುಮ್ಮನಾದಳು. ಒಂದು ಸಲ ಕೇಳಿಯಾಗಿತ್ತು.

ಕಾದು ಕಾದು ಅಜ್ಜಿ ಒಂದು ಕಡಲೆಕಾಯಿ ಬೀಜ ಎತ್ತಿಕೊಂಡಳು. ತಕ್ಷಣ ಓನ್ನಿಯೂ ಒಂದು ಎತ್ತಿಕೊಂಡ. ಒಂದೇ ಒಂದು. ಅಜ್ಜಿ ತಾವರೆಗೆಡ್ಡೆಯ ಒಂದು ಬಿಲ್ಲೆ ತೆಗೆದುಕೊಂಡಳು, ಅವನೂ ಒಂದು ಬಿಲ್ಲೆ. ಎಪ್ಪತ್ತೊಂಬತ್ತು ವರ್ಷದ ಅಜ್ಜಿಗೆ ಹಲ್ಲು ಅಲ್ಲೊಂದು ಇಲ್ಲೊಂದು. ಆರಡಿಯ ಗಂಡಸು ಅವಳ ಅಳತೆಯಲ್ಲಿ ಉಣ್ಣುತ್ತಿದ್ದ.

ಫೆಂಗ್‌ಯಿಂಗ್ ಮುಷ್ಟಿ ಗಾತ್ರದ ಮಾಂಸದ ಉಂಡೆಗಳ ತಟ್ಟೆಯನ್ನು ಅವನ ಮುಂದಕ್ಕೆ ತಿರುಗಿಸಿದಳು. “ಉಂಡೆ ತಗೊಳ್ತೀರಾ?”

“ಬೇಡ. ನಾನು ಸಂಪೂರ್ಣ ತೃಪ್ತನಾಗಿದ್ದೇನೆ.”

“ಸರಿ.” ತಟ್ಟೆ ಮುಂದಕ್ಕೆ ಹೋಯಿತು. ಅದು ಸುತ್ತು ಹಾಕಿ ಶೊವ್‌ಯಿಯ ಮುಂದೆ ನಿಲ್ಲುವವರೆಗೂ ಓನ್ನಿಯ ಕಣ್ಣು ಜೊತೆಗೇ ಹೋದದ್ದನ್ನು ಅಜ್ಜಿ ಕಂಡಳು. ಸ್ವಲ್ಪ ಹೊತ್ತಿಗೆ ಅವನ ಹೊಟ್ಟೆ ಗುರ್ ಎಂದಿತು. ಶೊವ್‌ಯಿ ಜೋರಾಗಿ ಕೆಮ್ಮಿದ.

ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಫೆಂಗ್‌ಯಿಂಗ್ ಹಿಂದೆಯೇ ಬಂದಳು.

“ಹುಡುಗ ಹಸ್ಕೊಂಡಿದಾನೆ.”

“ಹಸಿವಿದ್ರೆ ತಿಂತಾರೆ ಅತ್ತೆ. ಅವ್ರಿಗೆ ನಮ್ಮ ಥರ ನಾಚಿಕೆ ಇಲ್ಲ.”

“ಹೊಟ್ಟೆ ಕೂಗಿದ್ದು ಕೇಳಿಸ್ಲಿಲ್ವಾ? ಅದಕ್ಕೂ ನಿನ್ನ ಹಾಳೇಲಿ ಒಂದು ಸಾಲು ಇದ್ಯಾ?”

“ಕೇಳಿಸ್ದಂಗಿರ್ಬೇಕು. ನಾಲ್ಕನೇ ಸಾಲು.”

“ನನ್ನ ಮೇಜಿಂದ ಇದುವರೆಗೂ ಯಾರೂ ಹಸ್ಕೊಂಡು ಎದ್ದಿಲ್ಲ ಕಣೇ. ಇವತ್ತು ಅಳಿಯ ಆಗೋನೇ ಏಳ್ತಾನಲ್ಲ. ಅವನೇನೋ ಹೋಗಿ ಅಂಗಡೀಲಿ ತಿಂತಾನೆ. ನಾಳೆ ನಮ್ಮ ಹುಡುಗಿ ಅಲ್ಲಿ ಬೇಡ ಅಂದು ಕೂತ್ರೆ?”

ಫೆಂಗ್‌ಯಿಂಗ್ ಒಲೆಯ ಕಡೆ ತಿರುಗಿದಳು. ಯಾಚಿನ್ ತನ್ನ ಮಗಳೂ ಹೌದು. ಒಲೆಯ ಮೇಲೆ ಕಡುಬಿನ ನೀರು ಕುದಿಯುತ್ತಿತ್ತು. ಸುಮ್ಮನೆ ಸೌಟು ಆಡಿಸಿದಳು.

ಹೊರಗೆ ಶೊವ್‌ಯಿ ಜೋಳದ ಸಾರಾಯಿ ಸುರಿದಿದ್ದ. ಇಬ್ಬರೂ ಪುಟ್ಟ ಲೋಟ ಎತ್ತಿದರು. ತಗುಲಿಸುವಾಗ ಓನ್ನಿ ಗೌರವಕ್ಕೆಂದು ತನ್ನ ಲೋಟದ ಅಂಚನ್ನು ಶೊವ್‌ಯಿಯ ಲೋಟಕ್ಕಿಂತ ಎರಡು ಬೆರಳು ಕೆಳಗಿಳಿಸಿದ. ಶೊವ್‌ಯಿ ಬಿಡಲಿಲ್ಲ, ತನ್ನದನ್ನು ಇನ್ನೂ ಕೆಳಗಿಳಿಸಿದ. ಓನ್ನಿ ಮತ್ತೂ ಕೆಳಗೆ. ಲೋಟಗಳು ಇಳಿದಿಳಿದು ಮೇಜಿಗೆ ಮುಟ್ಟಿದವು. ಆಗ ಓನ್ನಿ ಕುರ್ಚಿಯಿಂದ ಜಾರಿ ಮೊಣಕಾಲೂರಿ, ಲೋಟವನ್ನು ಮೇಜಿನ ಅಂಚಿನಿಂದಲೂ ಕೆಳಗೆ ಹಿಡಿದ.

“ಸಾಕಪ್ಪ, ಏಳು, ನೀನೇ ಗೆದ್ದೆ,” ಎಂದ ಶೊವ್‌ಯಿ. “ಇನ್ನು ಕೆಳಗಿಳಿದ್ರೆ ಕೆಳಗಿನ ಮನೆಯೋರ ಹತ್ರ ಕುಡೀಬೇಕಾಗತ್ತೆ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಒಂದು ವಿಷಯ ಹೊಳೆಯಿತು. ಲೋಟ ತಗ್ಗಿಸುವುದು ಇಲ್ಲಿಯ ರಿವಾಜು, ಅವನ ಊರಿನದಲ್ಲ. ಎರಡು ಕೈಯಲ್ಲಿ ಪೆಟ್ಟಿಗೆ ಕೊಡುವುದು ಇಲ್ಲಿಯದು. ಮೇಲಿನ ಕುರ್ಚಿ ಬೇಡವೆನ್ನುವುದು, ಹಿರಿಯರು ಮುಟ್ಟದೆ ಮುಟ್ಟದಿರುವುದು ಇಲ್ಲಿಯದು. ಹಾಗಾದರೆ ಅವನ ‘ಬೇಡ’ ಎಲ್ಲಿಯದು?

ಅಜ್ಜಿ ತನ್ನ ಕುರ್ಚಿ ಬಿಟ್ಟು ಓನ್ನಿಯ ಪಕ್ಕ ಬಂದು ಕೂತಳು. ಗಾಜಿನ ತಟ್ಟೆ ತಿರುಗಿಸಿ ಉಂಡೆಗಳನ್ನು ಅವನ ಮುಂದೆ ನಿಲ್ಲಿಸಿದಳು.

“ಉಂಡೆ ತಗೋ ಮಗಾ.”

“ಬೇಡ ಅಜ್ಜಿಯವರೇ.” ಆದರೆ ಅವನ ಬೆನ್ನು ನೆಟ್ಟಗಾಯಿತು.

“ಅತ್ತೆ,” ಎಂದಳು ಫೆಂಗ್‌ಯಿಂಗ್.

“ನೀನು ಸುಮ್ನಿರು. ತಗೋ ಮಗಾ, ನಾನೇ ಕಟ್ಟಿದ್ದು.”

“ಅಜ್ಜಿಯವರು ಇಷ್ಟು ಆಗ್ರಹಿಸುವಾಗ ನಿರಾಕರಿಸುವುದು ಅವಿನಯ,” ಎಂದ ಓನ್ನಿ, ಮಾತು ಮುಗಿಯುವ ಮೊದಲೇ ಉಂಡೆ ಬಟ್ಟಲಿಗೆ ಬಂದಿತ್ತು. ಎರಡೇ ತುತ್ತು. ಉಂಡೆ ಕಾಣಲಿಲ್ಲ.

ಎಲ್ಲರ ಕಣ್ಣೂ ಖಾಲಿ ಬಟ್ಟಲಿನ ಮೇಲೆ.

“ಇಷ್ಟೊತ್ತು ಯಾಕೆ ಬೇಡ ಅಂದೆ?” ಎಂದಳು ಅಜ್ಜಿ.

ಓನ್ನಿ ಬಾಯೊರೆಸಿಕೊಂಡ. ಕಿವಿ ಕೆಂಪಾಗಿತ್ತು. “ಎರಡು ಸಲ ನಿರಾಕರಿಸಬೇಕು, ಮೂರನೆಯ ಸಲ ಸ್ವೀಕರಿಸಬೇಕು ಎಂದು ಯಾಚಿನ್ ಹೇಳಿಕೊಟ್ಟಿದ್ದಾಳೆ. ನಾನು ಎಣಿಸುತ್ತಿದ್ದೆ. ತಾವೆಲ್ಲರೂ ಒಂದೇ ಸಲ ಕೇಳಿ ನಿಲ್ಲಿಸಿದಿರಿ. ನಾನು ಇಷ್ಟವಾಗಲಿಲ್ಲವೆಂದು ಭಾವಿಸಿದೆ.”

ಶೊವ್‌ಯಿ ಮೊದಲು ನಕ್ಕ. ಆಮೇಲೆ ಹಣೆ ಮೇಜಿಗೆ ಹಚ್ಚಿ ನಕ್ಕ. “ತರಬೇತಿ ಕೊಟ್ಟೋರ್ನ ಕರೀರಿ ಯಾರಾದ್ರೂ, ಊಟಕ್ಕೆ.”

ಫೆಂಗ್‌ಯಿಂಗ್ ನಗಲಿಲ್ಲ. ಎದ್ದು ಬಂದು ಓನ್ನಿಯ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. “ಏಳಿ. ಮೇಲೆ ಬನ್ನಿ.” ಅವನು ಬಾಗಿಲ ಚೌಕಟ್ಟಿಗೆ ಕೈ ಹಾಕಿದ, ಅವಳು ಎಳೆದಳು, ಶೊವ್‌ಯಿ ಹಿಂದಿನಿಂದ ನೂಕಿದ. ಕೊನೆಗೆ ಸೋತಂತೆ ಬಂದು ಮೇಲಿನ ಕುರ್ಚಿಯಲ್ಲಿ ಕೂತ. ಮುಖ ಮಾತ್ರ ಗೆದ್ದವನದು.

ಆಮೇಲೆ ಫೆಂಗ್‌ಯಿಂಗ್‌ಳನ್ನು ಹಿಡಿಯುವವರಿಲ್ಲ. ಕೋಳಿ ತೊಡೆ, ಮೀನಿನ ಹೊಟ್ಟೆ, ಮತ್ತೆ ಉಂಡೆ, ಕಡುಬು ಹತ್ತು, ಮೇಲೆ ಇನ್ನೂ ಐದು. ಕೇಳುವುದೂ ಬೇಡವೆನ್ನುವುದೂ ಗೋಲಿಯಾಟದಷ್ಟು ಚುರುಕಾಗಿ ನಡೆದವು. ಯಾರ ಕಡ್ಡಿ ಯಾರ ಬಟ್ಟಲಿಗೆ ಹೋಯಿತೆಂದು ಯಾರೂ ನೋಡಲಿಲ್ಲ. ಓನ್ನಿ ಬೆಲ್ಟು ಒಂದು ತೂತು ಸಡಿಲಿಸಿದ.

“ವಯಸ್ಸೆಷ್ಟಪ್ಪ ನಿಂಗೆ? ಸಂಬಳ ಎಷ್ಟು ಬರತ್ತೆ?” ಎಂದು ಶೊವ್‌ಯಿ ಕೊನೆಗೂ ಕೇಳಿದ.

ಅಜ್ಜಿಯೂ ನಕ್ಕಳು. ಆದರೆ ಒಳಗೆ ಒಂದು ಮೂಲೆ ಇನ್ನೂ ಗಟ್ಟಿಯಾಗಿಯೇ ಇತ್ತು. ಉಣ್ಣಲು ಬರುವವನಿಗೆಲ್ಲ ಉಣ್ಣಿಸಲು ಬರುವುದಿಲ್ಲ. ಎಣಿಸಿ ಬೇಡವೆನ್ನುವುದು ಕಲಿತಿದ್ದಾನೆ, ಸರಿ. ಕೇಳುವುದು?

ಎರಡು ಗಂಟೆಗೆ ಯಾಚಿನ್ ಬಂದಳು. ಕೂದಲು ಆಸ್ಪತ್ರೆಯ ಟೋಪಿಯ ಕೆಳಗೆ ಅಂಟಿಕೊಂಡು ಚಪ್ಪಟೆಯಾಗಿತ್ತು. ಚೀಲ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

“ಎಲ್ಲಾ ಚೆನ್ನಾಗಾಯ್ತಾ? ನಂಗೇನೂ ಬೇಡ. ಆಸ್ಪತ್ರೇಲೇ ತಿಂದೆ.”

ಫೆಂಗ್‌ಯಿಂಗ್ ಬಾಯಿ ತೆರೆದಳು. ಅಜ್ಜಿ ಮೇಜಿನಡಿಯಲ್ಲಿ ಸೊಸೆಯ ಕಾಲು ಒತ್ತಿ ಹಿಡಿದಳು. ತಾನೂ ತುಟಿ ಬಿಗಿದು ಕೂತಳು. ಇಪ್ಪತ್ತಾರು ವರ್ಷದಲ್ಲಿ ಅವಳು ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

“ಕಡುಬು ತಿನ್ನುವೆಯಾ?” ಎಂದ ಓನ್ನಿ.

“ಬೇಡ ಅಂದ್ನಲ್ಲ.”

“ಸರಿ,” ಎಂದ ಓನ್ನಿ.

ಅಜ್ಜಿ ಮೇಜಿನ ಗಾಜು ನೋಡಿದಳು.

ಓನ್ನಿ ಎದ್ದು ಅಡುಗೆಮನೆಗೆ ಹೋದ. ಒಲೆ ಹೊತ್ತಿದ ಸದ್ದು. ಪಾತ್ರೆಯ ಮುಚ್ಚಳದ ಸದ್ದು. ಸ್ವಲ್ಪ ಹೊತ್ತಿಗೆ ಹಬೆಯಾಡುವ ಕಡುಬಿನ ಬಟ್ಟಲು ತಂದು ಅಜ್ಜಿಯ ಪಕ್ಕದ ಕುರ್ಚಿಯ ಮುಂದಿಟ್ಟ. ಯಾಚಿನ್‌ಳ ಹೆಗಲಿಂದ ಚೀಲ ತೆಗೆದು ಮೊಳೆಗೆ ನೇತುಹಾಕಿದ. ಅವಳನ್ನು ಕೂರಿಸಿ ಕೈಗೆ ಕಡ್ಡಿ ಕೊಟ್ಟ. ಏನೂ ಕೇಳಲಿಲ್ಲ.

“ನೋಡಿ ಅಜ್ಜಿ, ದಿನಾ ಹಿಂಗೇ ಇವನು,” ಎಂದು ದೂರುತ್ತಲೇ ಯಾಚಿನ್ ಮೊದಲನೆಯ ಕಡುಬು ಬಾಯಿಗಿಟ್ಟಳು. ಎರಡನೆಯದು, ಮೂರನೆಯದು. ಆರನೆಯದರ ಹೊತ್ತಿಗೆ ಮಾತು ನಿಂತಿತ್ತು.

ಅಜ್ಜಿ ಸೊಸೆಯ ಕಾಲನ್ನು ಬಿಟ್ಟಳು. ಬೆಳಗಿನಿಂದ ತನ್ನ ಹೊಟ್ಟೆಗೆ ಹೋಗಿದ್ದು ಒಂದು ಕಡಲೆಕಾಯಿ ಬೀಜ, ಒಂದು ಬಿಲ್ಲೆ ತಾವರೆಗೆಡ್ಡೆ ಎಂದು ಈಗ ನೆನಪಾಯಿತು.

“ಶೊವ್‌ಯಿ,” ಎಂದಳು, “ಆ ಮೀನು ಬಿಸಿ ಮಾಡ್ಕೊಂಡು ಬಾರೋ. ನಂಗೆ ಹಸಿವಾಗ್ತಿದೆ.”