ಎರಡು ಮುಚ್ಚಳಗಳ ಕಛೇರಿ

ಎಲ್ಲಿಂದ ಶುರು ಮಾಡಲಿ? ಆರ್ಕೆಸ್ಟ್ರಾದವರು ಶ್ರುತಿ ಕೂಡಿಸುವಲ್ಲಿಂದಲೋ, ಒಲೆಯ ಮೇಲೆ ಹಾಲಿಟ್ಟು ಬಂದು ಕೂತ ನನ್ನಿಂದಲೋ? ಹಾಲು ಉಕ್ಕುವಷ್ಟರಲ್ಲಿ, ಒಳಗೆ ಮಲಗಿರುವ ಮಗು ಏಳುವಷ್ಟರಲ್ಲಿ ಒಂದು ಪುಟವಾದರೂ ಆಗಬೇಕು. ಅಮ್ಮನಿಂದಲೇ ಆಗಲಿ.

೧

ಈ ಕಥೆಯ ಅಮ್ಮ ಆಯುಷ್ಯವೆಲ್ಲ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಂಡವಳು. ಮಗು ತಾನೇ ಶೂ ಹಾಕಿಕೊಂಡರೆ ಚಪ್ಪಾಳೆ, ತುತ್ತು ಉಗುಳದೆ ನುಂಗಿದರೆ ಚಪ್ಪಾಳೆ. ಮಗ ಆರ್ಕೆಸ್ಟ್ರಾ ಸೇರಿದ ಮೇಲೆ ಅವಳು ಮೊದಲ ಸಲ ಕಛೇರಿಗೆ ಹೋದಳು. ನಾಲ್ಕು ಭಾಗಗಳ ದೊಡ್ಡ ಕೃತಿ. ಮೊದಲ ಭಾಗ ನಿಂತದ್ದೇ ಮನಸಾರೆ ಚಪ್ಪಾಳೆ ತಟ್ಟಿದಳು. ಸಭಾಂಗಣದಲ್ಲೆಲ್ಲ ಅವಳದೊಂದೇ. ನಾಲ್ಕೂ ಮುಗಿದ ಮೇಲಷ್ಟೇ ತಟ್ಟುವುದು ಪದ್ಧತಿ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಮ್ಮ ಎದ್ದು ಮನೆಗೆ ಬಂದುಬಿಟ್ಟಳು.

ಮಗನ ಕೆಲಸವಿದ್ದದ್ದೇ ನಾಲ್ಕನೆಯ ಭಾಗದ ಕೊನೆಗೆ. ದೊಡ್ಡ ಕಂಚಿನ ತಾಳಗಳೆರಡನ್ನು ಒಂದೇ ಒಂದು ಸಲ ಅಪ್ಪಳಿಸುವುದು. ಅದನ್ನು ಅಮ್ಮ ಇವತ್ತಿಗೂ ಕೇಳಿಲ್ಲ.

(ಹಾಲು ಉಕ್ಕಿತು. ಒಲೆ ಒರೆಸಿ ಬಂದೆ.)

೨

ಮತ್ತೆ ಬಾ ಎಂದು ಮಗ ಗೋಗರೆದ.

“ಕೈ ಕಟ್ಟಿ ಕೂರೋದು ನನ್ನಿಂದಾಗಲ್ಲ ಕಣೋ. ಅಷ್ಟಕ್ಕೂ ನಿಂಗೆ ಕೊಟ್ಟಿರೋದು ಎರಡು ಮುಚ್ಚಳ.”

ಮೊದಲ ಕರಡಿನಲ್ಲಿ ಇಲ್ಲಿ ಅವನು ಅಳುವಂತೆ ಬರೆದಿದ್ದೆ. ಅವನಿಗೆ ಹಿಡಿಸಲಿಲ್ಲ. ಅಳುವ ಬದಲು ನೆಟ್ಟಗೆ ಹೋಗಿ ಆರ್ಕೆಸ್ಟ್ರಾ ನಡೆಸುವ ಮೇಡಮ್ಮಿಗೆ ಎಲ್ಲ ಹೇಳಿದ.

೩

ಹಾಗಾಗಿ ಅದೇ ಕೃತಿಯ ಮುಂದಿನ ಕಛೇರಿಯಲ್ಲಿ ಮೇಡಂ ಶುರು ಮಾಡುವ ಮೊದಲು ಜನರ ಕಡೆ ತಿರುಗಿ ಮಾತಾಡಿದರು. ಮುಖ್ಯವಾದ ರಾಗವೊಂದನ್ನು ಪಿಟೀಲಿನವರಿಂದ ನುಡಿಸಿ, ಇದು ಮಧ್ಯೆ ಕಳೆದುಹೋಗುತ್ತದೆ, ಕೊನೆಗೆ ಮನೆಗೆ ಬರುತ್ತದೆ, ಕಾಯುತ್ತಿರಿ ಎಂದರು. ನಡುನಡುವೆ ಚಪ್ಪಾಳೆ ತಟ್ಟಬೇಕೆನಿಸಿದರೆ ತಟ್ಟಿ, ನಾನು ಹೇಗೂ ಬೆನ್ನು ಹಾಕಿ ನಿಂತಿರುತ್ತೇನೆ, ಯಾರೆಂದು ಗೊತ್ತಾಗುವುದಿಲ್ಲ ಎಂದರು. ಜನ ನಕ್ಕರು. ಸೊಸೆಯ ಬಲವಂತಕ್ಕೆ ಬಂದು ಕೂತಿದ್ದ ಅಮ್ಮ ನಗಲಿಲ್ಲ.

೪

ಮೊದಲ ಭಾಗ ನಿಂತಿತು. ಸುಲಭದ ಅಂತ್ಯ ಇಲ್ಲೇ ಇದೆ: ಅಮ್ಮ ಚಪ್ಪಾಳೆ ತಟ್ಟುತ್ತಾಳೆ, ಸಭೆಯೆಲ್ಲ ಸೇರಿಕೊಳ್ಳುತ್ತದೆ. ಬರೆದೂ ಬಿಟ್ಟಿದ್ದೆ. ಅಮ್ಮ ಒಪ್ಪಲಿಲ್ಲ.

“ನಿಂಗೇನಮ್ಮ, ಕೂತು ಬರೀತೀಯ. ಎಲ್ಲರ ಮುಂದೆ ಮುಖ ಎಲ್ಲಿಡ್ಲಿ ಅನ್ನಿಸಿದ್ದು ನಂಗೆ.”

ಅಲ್ಲೊಬ್ಬರು ಇಲ್ಲೊಬ್ಬರು ಅಳುಕುತ್ತಾ ತಟ್ಟಿದರು. ಅಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು. ಎರಡನೆಯ ಭಾಗಕ್ಕೂ ಹಾಗೇ, ಮೂರನೆಯದಕ್ಕೂ ಹಾಗೇ.

(ಹಾಗೇ ಮನೆಗೆ ಹೋದಳು ಎಂಬುದು ಇನ್ನೊಂದು ಅಂತ್ಯ. ನಿಜಕ್ಕೆ ಹತ್ತಿರ. ಆದರೆ ಅದನ್ನು ಬರೆದು ನಾನು ರಾತ್ರಿಯ ಅಡುಗೆ ಯಾವ ಮನಸ್ಸಿನಿಂದ ಮಾಡಲಿ?)

೫

ನಾಲ್ಕನೆಯ ಭಾಗ. ಕಳೆದುಹೋಗಿದ್ದ ರಾಗ ದೂರದಿಂದ ಬಂತು. ಅಮ್ಮ ಸೊಸೆಯನ್ನು ಮೊಣಕೈಯಿಂದ ತಿವಿದಳು.

“ಅದೇ ಕಣೆ. ಬಂತು ನೋಡು.”

ವೇದಿಕೆಯ ಹಿಂದಿನ ಸಾಲಿನಲ್ಲಿ ಮಗ ಎದ್ದು ನಿಂತ. ತಾಳಗಳನ್ನು ಎತ್ತಿ ಅಗಲಕ್ಕೆ ಚಾಚಿ ಕಾದ.

ಅಮ್ಮನದೊಂದು ಆಟವಿತ್ತು. ಮಗುವಿನ ಮುಂದೆ ಕೈ ಅಗಲಿಸಿ, ತಟ್ಟದೆ, ಕಾಯಿಸುವುದು. ಕಾದು ಕಾದು ಮಗು ಕೇಕೆ ಹಾಕಬೇಕು, ಆಮೇಲೆ ಇಬ್ಬರೂ ಒಟ್ಟಿಗೆ ತಟ್ಟಬೇಕು. ಆ ಆಟದ ಮೊದಲ ಮಗು ಇವನೇ.

ತೊಡೆಯ ಕೆಳಗಿನಿಂದ ಅಮ್ಮನ ಕೈಗಳು ಹೊರಗೆ ಬಂದವು. ಸಂಗೀತ ಇನ್ನೂ ನಡೆಯುತ್ತಿದೆ, ಯಾವ ಪದ್ಧತಿಯಲ್ಲೂ ತಟ್ಟುವ ಹೊತ್ತಲ್ಲ. ಕೈಗಳು ಅಗಲಕ್ಕೆ ಚಾಚಿಕೊಂಡವು. ಮುಂದಿನ ಸಾಲಿನವರೊಬ್ಬರು ತಿರುಗಿದರು. ಅಮ್ಮ ಅವರ ಕಡೆ ನೋಡಲೇ ಇಲ್ಲ.

“ಕೈ ನೋಯ್ತಿದೆ,” ಎನ್ನುತ್ತಾಳೆ ನನಗೆ. “ಬೇಗ ಬರಿಯಮ್ಮ.”

ಬರೆಯುವುದಿಲ್ಲ. ಈ ನಾಲ್ಕು ಕೈಗಳು ಕೂಡಿದರೆ ಕಥೆ ಮುಗಿದುಹೋಗುತ್ತದೆ. ಒಳಗೆ ನನ್ನ ಮಗುವೂ ಎದ್ದು ಕರೆಯುತ್ತಿದೆ. ಯಾರೂ ಕೈ ಇಳಿಸಬೇಡಿ.