ಎರಡನೆಯ ವೈರು

ಕಲಬುರಗಿಯ ಬ್ರಹ್ಮಪುರದ ಆ ಓಣಿಯಲ್ಲಿ ಶಿವಕಾಂತಮ್ಮನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ತರಕಾರಿ ಗಾಡಿಯವನು ಅವಳ ಬಾಗಿಲು ಬಂದ ಕೂಡಲೇ ದನಿ ತಗ್ಗಿಸುತ್ತಿದ್ದ. ನಳದ ನೀರು ಬಿಡುವವನು ಅವಳ ಮುಖ ನೆನೆದೇ ಇನ್ನಷ್ಟು ಹೊತ್ತು ಬಿಡುತ್ತಿದ್ದ. ಗಂಡ ದೌಲಪ್ಪ ತೊಗರಿಬೇಳೆ ಮಿಲ್ಲಿನಲ್ಲಿ ಮುನೀಮ. ಮನೆಯಲ್ಲಿ ಮಾತಾಡುವ ಕೆಲಸವನ್ನು ಅವನು ಮದುವೆಯಾದ ವರ್ಷವೇ ಹೆಂಡತಿಗೆ ಒಪ್ಪಿಸಿ ಕೈ ತೊಳೆದುಕೊಂಡಿದ್ದ. ಇಂಥವಳ ಮುಂದೆ ನಿಂತು ಕೇಬಲ್ ಟಿವಿಯ ಇಮಾಮುದ್ದೀನ್, "ಈ ತಿಂಗಳಿಂದ ನಿಮಗ ಇನ್ನೂರು ರೂಪಾಯಿ ಆಗ್ಯಾದ್ರಿ ಅಮ್ಮಾ" ಅಂದನೆಂದರೆ ಅವನ ಧೈರ್ಯವನ್ನು ಮೆಚ್ಚಬೇಕು.

"ಹೋದ ತಿಂಗಳ ನೂರಿತ್ತು. ಒಂದೇ ತಿಂಗಳದಾಗ ದುಪ್ಪಟ್ಟು? ಹೇಳವರು ಕೇಳವರು ಯಾರೂ ಇಲ್ಲೇನು?" ಎಂದಳು ಶಿವಕಾಂತಮ್ಮ. ಆ ದನಿ ಓಣಿಯ ಕೊನೆಯ ಮನೆಗೂ ಮುಟ್ಟಿತು.

"ಎಲ್ಲಾರಿಗಲ್ರಿ ಅಮ್ಮಾ. ನಿಮಗೊಬ್ಬರಿಗೇ."

ಬಡಪಾಯಿ ಸಮಾಧಾನ ಹೇಳಲೆಂದೇ ಅದನ್ನು ಹೇಳಿದ್ದ. ಅದು ಉರಿಯುವ ಒಲೆಗೆ ಚಿಮಣಿ ಎಣ್ಣೆ ಸುರುವಿದಂತಾಯಿತು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಇಮಾಮುದ್ದೀನ್ ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ನಿಮ್ಮ ಮಾಳಿಗಿ ದಾಟಿದ ಮ್ಯಾಲ ಲೈನ್ ಡಲ್ ಆಗಾಕತ್ತದ್ರಿ. ನಿಮ್ಮಲ್ಲಿ ಎರಡು ಟಿವಿ ನಡೀಲಾಕತ್ತಾವ ಅಂತ ಮಾಲಕರು ಅಂತಾರ. ಎರಡು ಟಿವಿಗಿ ಎರಡು ರೊಕ್ಕ" ಎಂದ.

ಕಳ್ಳಿ ಎಂದು ಬಾಯಿಬಿಟ್ಟು ಹೇಳುವುದೊಂದೇ ಬಾಕಿ. ಶಿವಕಾಂತಮ್ಮ ಸೆರಗಿನೊಳಗೆ ಕೈ ಹಾಕಿ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆಳೆದಳು. ಅದರೊಳಗಿನ ಲಿಂಗವನ್ನು ಅವಳು ಸ್ನಾನ ಮಾಡದೆ ಎಂದೂ ಮುಟ್ಟಿದವಳಲ್ಲ, ಜಗಳಕ್ಕೆಂದು ಎಂದೂ ಹೊರತೆಗೆದವಳಲ್ಲ.

"ಇದನ್ನ ಮುಟ್ಟಿ ಹೇಳ್ತೀನಿ, ಎಲ್ಲಾರೂ ಕೇಳ್ರಿ. ನನ್ನ ಮನ್ಯಾಗಿಂದು ಒಂದೇ ವೈರು, ಒಂದೇ ಟಿವಿ. ಎರಡನೇದ್ದು ಇದ್ರ ಈ ಲಿಂಗ ನನ್ನ ಕೊಳ್ಳಾಗ ಉಳೀಬಾರದು. ಹೋಗು, ನಿಮ್ಮ ಮಾಲಕರಿಗಿ ಹೇಳು. ಖುದ್ದು ಬಂದು ಮಾಳಿಗಿ ಹತ್ತಿ ನೋಡಂತ ಹೇಳು!"

ಲಿಂಗ ಮುಟ್ಟಿ ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಇಮಾಮುದ್ದೀನ್ ತನ್ನ ಸೈಕಲ್ಲನ್ನು ತಳ್ಳಿಕೊಂಡೇ ಹೋದ, ಹತ್ತುವಷ್ಟು ಪುರಸೊತ್ತು ಮಾಡಿಕೊಳ್ಳಲಿಲ್ಲ.

ಗೆದ್ದ ಹುರುಪಿನಲ್ಲಿಯೇ ಮಧ್ಯಾಹ್ನ ಅವಳು ಮೆಣಸಿನಕಾಯಿ ಒಣಹಾಕಲು ಮಾಳಿಗೆ ಹತ್ತಿದಳು. ತನ್ನ ಒಂದೇ ಒಂದು ವೈರನ್ನು ಕಣ್ತುಂಬ ನೋಡುವ ಆಸೆಯೂ ಇತ್ತೆನ್ನಿ. ವೈರು ಕಂಬದಿಂದ ಬಂದು ನೀರಿನ ಟಾಕಿಯ ಹಿಂದೆ ಹೋಗಿತ್ತು. ಟಾಕಿಯ ಹಿಂದಿನಿಂದ ಎರಡಾಗಿ ಹೊರಬಂದಿತ್ತು. ಒಂದು ಅವಳ ಪಡಸಾಲೆಗೆ ಇಳಿದಿತ್ತು. ಇನ್ನೊಂದು ಮಾಳಿಗೆಯ ಸುತ್ತಲಿನ ಕುಂಬಿಗೋಡೆಯ ಬುಡಕ್ಕೆ ಅಂಟಿಕೊಂಡು, ಅಲ್ಲಲ್ಲಿ ಮಿಲ್ಲಿನ ಚೀಲ ಹೊಲಿಯುವ ಸುತಳಿಯಿಂದ ಬಿಗಿಸಿಕೊಂಡು, ಹಿಂದಿನ ಮನೆಯ ಬೆಳಕಿಂಡಿಯೊಳಗೆ ಹೋಗಿತ್ತು. ಸುತಳಿಯ ಗಂಟನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಕೈಚೀಲಕ್ಕೂ ಹಪ್ಪಳದ ಡಬ್ಬಿಗೂ ದೌಲಪ್ಪ ಹಾಕುತ್ತಿದ್ದುದು ಇದೇ ಗಂಟು.

ಕೈಯಲ್ಲಿದ್ದ ಮೊರ ಕೆಳಗೆ ಬಿದ್ದು ಮೆಣಸಿನಕಾಯಿ ಮಾಳಿಗೆ ತುಂಬ ಚೆಲ್ಲಿತು. ಕೊರಳಲ್ಲಿ ಕರಡಿಗೆ ಇದ್ದಕ್ಕಿದ್ದಂತೆ ಭಾರವಾಯಿತು.

ಸಂಜೆ ದೌಲಪ್ಪ ಬಂದು ಚಪ್ಪಲಿ ಬಿಡುವ ಮೊದಲೇ ಅವಳು ಕೇಳಿದಳು, "ಮಿಲ್ಲಿನ ಸುತಳಿ ನಮ್ಮ ಮಾಳಿಗಿಗಿ ಹೆಂಗ ಬಂತ್ರಿ?"

ಅವನು ಒಂದು ಚಪ್ಪಲಿಯಲ್ಲಿ ನಿಂತೇ ಉಳಿದ. ಆಮೇಲೆ ಮೆಲ್ಲಗೆ, "ಕಾಶಿರಾಯಗ ಹಾಕಿಕೊಟ್ಟೆ" ಎಂದ.

ಹಿಂದಿನ ಮನೆಯ ಕಾಶಿರಾಯ ಅದೇ ಮಿಲ್ಲಿನ ಹಮಾಲ. ಒಟ್ಟಿದ್ದ ಚೀಲದ ಥಪ್ಪಿ ಮೈಮೇಲೆ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದ. ಅವನ ಹೆಂಡತಿ ರೇವಮ್ಮ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುತ್ತಿದ್ದಳು. ಎರಡು ಮನೆಗಳ ಬಾಗಿಲು ಬೇರೆ ಬೇರೆ ಓಣಿಗೆ, ಗೋಡೆ ಮಾತ್ರ ಒಂದೇ. ಆ ಮನೆಯಲ್ಲಿ ಟಿವಿ ಮಾತಾಡುವುದು ಶಿವಕಾಂತಮ್ಮನಿಗೆ ಕೇಳಿಸುತ್ತಿತ್ತು. ಮಿಲ್ಲಿನ ಸಾಹುಕಾರರು ಕೊಡಿಸಿದ್ದೆಂದು ಗಂಡ ಹೇಳಿದ್ದನ್ನು ಅವಳು ನಂಬಿಕೊಂಡಿದ್ದಳು.

"ಟಿವಿ ಸಾಹುಕಾರರದ್ದು ಖರೇನ, ವೈರು ನಂದು" ಎಂದ ದೌಲಪ್ಪ. "ಹಗಲೆಲ್ಲ ಜಂತಿ ನೋಡಕೋತ ಮಲಗಿರತಿದ್ದ. ನನಗ ನೋಡಲಾಕ ಆಗಲಿಲ್ಲ."

"ರೇವಮ್ಮಗ ಗೊತ್ತದ?"

"ಗೊತ್ತಾದ್ರ ಕಿತ್ತಿ ಒಗೀತಾಳ. 'ಕೇಬಲಿನವರು ನಿನಗ ಬ್ಯಾರೆ ಕನೆಕ್ಷನ್ ಕೊಟ್ಟಾರ, ರೊಕ್ಕ ನನ್ನ ಕೈಯಾಗ ಕೊಡು, ನಮ್ಮದರ ಜೋಡಿ ಕಟ್ತೀನಿ' ಅಂತ ಆಕಿಗಿ ಹೇಳೀನಿ. ತಿಂಗಳಾ ತಪ್ಪದಂಗ ಕೊಡ್ತಾಳ."

"ಆ ರೊಕ್ಕ?"

"ನಾ ಹೆಂಗ ತಿನ್ನಲಿ? ಶರಣಬಸಪ್ಪನ ಗುಡಿ ಹುಂಡ್ಯಾಗ ಹಾಕೀನಿ."

"ನನಗೊಂದು ಮಾತು ಹೇಳಬಾರದಿತ್ತೇನ್ರಿ?"

ದೌಲಪ್ಪ ನೆಲ ನೋಡಿದ. "ನಿನಗ ಹೇಳಿದ್ರ ಓಣಿಗೆಲ್ಲ ಹೇಳಿದಂಗಲ್ಲ?"

ಅವಳಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅದು ನಿಜವೆಂದು ಗೊತ್ತಿದ್ದುದರಿಂದ ಬರೀ ನೋವಾಯಿತು.

ರೇವಮ್ಮನನ್ನು ಬಲ್ಲವರಿಗೆ ಶಿವಕಾಂತಮ್ಮನ ಸಂಕಟ ತಿಳಿದೀತು. ಒಂದು ಬಟ್ಟಲು ಸಕ್ಕರೆ ಒಯ್ದರೆ ಅದೇ ಸಂಜೆ ತುಂಬಿ ತುಳುಕುವಂತೆ ತಂದಿಡುವವಳು ಅವಳು. ಮಿಲ್ಲಿನವರು ಚಂದಾ ಎತ್ತಿ ಕೊಡಲು ಬಂದಾಗ ಬಾಗಿಲಲ್ಲೇ ಕೈಮುಗಿದು ಕಳಿಸಿದವಳು. ಇಷ್ಟು ದಿನ ಕದ್ದ ಲೈನಿನಲ್ಲಿ ಗಂಡನಿಗೆ ಟಿವಿ ತೋರಿಸಿದೆನೆಂದು, ಅದೂ ನಾಲ್ಕು ಜನರ ಮುಂದೆ ತಿಳಿದರೆ ಅವಳು ಮತ್ತೆ ಓಣಿಯಲ್ಲಿ ತಲೆ ಎತ್ತುತ್ತಿರಲಿಲ್ಲ. ಈಗಲೇ ವೈರು ಕಿತ್ತುಬಿಡೋಣವೆಂದರೆ ಅದೂ ಆಗದು. ರೊಕ್ಕ ಕೊಟ್ಟೂ ನಮ್ಮ ಟಿವಿ ಯಾಕೆ ಬಂದಾಯಿತೆಂದು ಮರುದಿನ ಬೆಳಿಗ್ಗೆಯೇ ಕೇಬಲ್ ಆಫೀಸಿಗೆ ಹೋಗಿ ನಿಲ್ಲುವವಳು ಅವಳು. ಉಳಿದದ್ದು ಒಂದೇ ದಾರಿ. ಮಾಲಕರು ಮಾಳಿಗೆ ಹತ್ತುವ ಮೊದಲು ಇನ್ನೂರಕ್ಕೆ ಒಪ್ಪಿಕೊಂಡುಬಿಡುವುದು.

ಎಸ್‌ಟಿಡಿ ಬೂತಿನಿಂದ ಆಫೀಸಿಗೆ ಫೋನು ಮಾಡಿದರೆ ಮಾಲಕ ದೇವೀಂದ್ರಪ್ಪನವರು ಕಮಲಾಪುರದ ತಮ್ಮ ಮನೆಯಲ್ಲಿದ್ದಾರೆಂದು ತಿಳಿಯಿತು. ಮರುದಿನ ಊಟ ಮುಗಿಸಿದಂತೆ ಮಾಡಿ ಶಿವಕಾಂತಮ್ಮ ಕಮಲಾಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯೊಳಗೇ ತಿರುವಿದಳು. ಜೀವಮಾನದಲ್ಲಿ ದರ ಇಳಿಸಿರೆಂದು ಜಗಳವಾಡಿದ್ದಳೇ ಹೊರತು ಏರಿಸಿರೆಂದು ಯಾರನ್ನೂ ಬೇಡಿಕೊಂಡವಳಲ್ಲ. ಎಷ್ಟು ತಿರುವಿದರೂ ಮಾತು ಸರಿಹೋಗಲಿಲ್ಲ.

ದೇವೀಂದ್ರಪ್ಪ ಮನೆಯ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಚಹಾ ಕುಡಿಯುತ್ತ ಕೂತಿದ್ದರು. ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ಕೆಂಪು ಬಾಳೆಹಣ್ಣಿನ ಗೊನೆ. ಬ್ರಹ್ಮಪುರದ ಶಿವಕಾಂತಮ್ಮ ಎಂದು ಹೆಸರು ಹೇಳಿದ ಕೂಡಲೇ ಅವರು ಎದ್ದು ನಿಂತರು.

"ಬರ್ರಿ ತಾಯಿ, ಕೂಡ್ರಿ. ಇಮಾಮುದ್ದೀನ್ ಎಲ್ಲಾ ಹೇಳ್ಯಾನ."

"ಯಪ್ಪಾ, ಇನ್ನೂರೇ ಇರವಲ್ದ್ಯಾಕ" ಎಂದಳು ಅವಳು ಗಡಬಡಿಸಿ. "ನಾ ಕೊಡ್ತೀನಿ. ಸಿಟ್ಟಿನಾಗ ಏನೋ ಮಾತಾಡ್ದೆ. ನೋಡದು ಮಾಡದು ಏನೂ ಬ್ಯಾಡ್ರಿ."

ದೇವೀಂದ್ರಪ್ಪ ಎರಡೂ ಕೈ ಎತ್ತಿ ತಡೆದರು. "ನೀವು ಕೊಟ್ರೂ ನಾ ತಗೋಳಂಗಿಲ್ಲ. ಲಿಂಗ ಮುಟ್ಟಿ ಹೇಳಿದವರ ಮ್ಯಾಲ ಸಂಶಯ ಪಟ್ಟೆ, ಅದೇ ನನ್ನ ಕೊಳ್ಳಿಗಿ ಬಂದದ. ನಿಮ್ಮದು ನೂರೇ. ಅಂದ್ರ ನಿಮ್ಮ ಲೈನಿನಾಗ ಬ್ಯಾರೆ ಯಾರೋ ಕಳ್ಳರು ಕೈ ಹಾಕ್ಯಾರ ಅಂದಂಗಾತು. ಇವತ್ತ ಸಂಜಿಗಿ ನಾನೇ ಬಂದು ಹುಡುಕ್ತೀನಿ. ಸಿಕ್ಕವರನ್ನ ನಿಮ್ಮ ಓಣ್ಯಾಗೇ ನಿಲ್ಲಿಸಿ ಮರ್ಯಾದಿ ತೆಗಿಲಿಲ್ಲಂದ್ರ ನನ್ನ ಹೆಸರು ದೇವೀಂದ್ರಪ್ಪ ಅಲ್ಲ."

ಕೂತಿದ್ದ ನಾಲ್ವರೂ ತಲೆದೂಗಿದರು. ಶಿವಕಾಂತಮ್ಮ ಇಲ್ಲಿಯೇ ನಿಜ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಗಂಡ ಕಳ್ಳನಾಗುತ್ತಾನೆ, ಆ ಸುದ್ದಿ ನಾಲ್ಕು ಬಾಯಿಗಳಲ್ಲಿ ಹೊರಟು ರೇವಮ್ಮನ ಬಾಗಿಲಿಗೆ ನಾಳೆಯೇ ಮುಟ್ಟುತ್ತದೆ. ಯಾರೋ ಅವಳ ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟರು. ಅವನ್ನು ಹಿಡಿದುಕೊಂಡೇ ಅವಳು ಬಸ್ ಸ್ಟ್ಯಾಂಡಿಗೆ ಓಡಿದಳು.

ಹೋಗುವಾಗ ಹಾರಿಕೊಂಡು ಹೋಗಿದ್ದ ಬಸ್ಸು ಬರುವಾಗ ತೆವಳಿತು. ಮಹಾಗಾಂವ ಕ್ರಾಸಿನಲ್ಲಿ ಯಾರೋ ತೊಗರಿ ಚೀಲ ಏರಿಸುತ್ತ ಕಂಡಕ್ಟರನ ಜೊತೆ ಲಗೇಜಿನ ಜಗಳಕ್ಕೆ ನಿಂತರು. ಬೇರೆ ದಿನವಾಗಿದ್ದರೆ ಶಿವಕಾಂತಮ್ಮ ತಾನೂ ಇಳಿದು ಎರಡು ಮಾತು ಸೇರಿಸುತ್ತಿದ್ದಳು. ಈಗ ಕಿಟಕಿಯ ಸರಳು ಹಿಡಿದು ಶಿವಾ ಶಿವಾ ಎನ್ನುತ್ತ ಕೂತಳು. ಅಷ್ಟರಲ್ಲಿ ದೇವೀಂದ್ರಪ್ಪನವರ ಜೀಪು ಹಾರನ್ ಬಾರಿಸುತ್ತ ಬಸ್ಸನ್ನು ದಾಟಿ ಕಲಬುರಗಿಯ ಕಡೆ ಹೋಯಿತು. ಅವರು ಮೊದಲು ಆಫೀಸಿಗೆ ಹೋಗಿ ಇಮಾಮುದ್ದೀನನನ್ನೂ ಏಣಿಯನ್ನೂ ಹತ್ತಿಸಿಕೊಂಡು ಬರಬೇಕಲ್ಲ ಎಂಬುದೊಂದೇ ಅವಳ ಜೀವ ಹಿಡಿದಿತ್ತು.

ಮನೆಗೆ ಬಂದವಳೇ ಚಪ್ಪಲಿ ಸಮೇತ ಮಾಳಿಗೆ ಹತ್ತಿದಳು. ಯೋಚನೆ ಮಾಡುವಷ್ಟು ಹೊತ್ತು ಉಳಿದಿರಲಿಲ್ಲ, ಮಾಡಬೇಕಾದದ್ದು ಬಸ್ಸಿನಲ್ಲಿಯೇ ಹೊಳೆದಿತ್ತು. ಕುಂಬಿಯ ಸುತಳಿಯನ್ನು ಕುಡಗೋಲಿನಿಂದ ಕೊಯ್ದಳು. ಬೆಳಕಿಂಡಿಯ ಹತ್ತಿರ ಕೂತು ವೈರನ್ನು ಎರಡೂ ಕೈಯಿಂದ ಜಗ್ಗಿದಳು. ಒಳಗೆ ಏನೋ ಟಣ್ಣೆಂದಿತು, ಯಾರದೋ ಹಾಡು ಅರ್ಧಕ್ಕೆ ನಿಂತಿತು.

"ರೇವಾ... ಟಿವಿ ಹೋತಲ್ಲೇ" ಎಂದಿತು ಕಾಶಿರಾಯನ ದನಿ. ರೊಟ್ಟಿ ಕೊಡಲು ಹೋಗಿದ್ದ ರೇವಮ್ಮ ಮನೆಯಲ್ಲಿರಲಿಲ್ಲ. "ಯಾರರ ಅದೀರೇನು? ಟಿವಿ ಹೋತು" ಎಂದು ಅವನು ಮತ್ತೆ ಕೂಗಿದ.

ಗೋಡೆಯ ಈಚೆ ಶಿವಕಾಂತಮ್ಮ ವೈರನ್ನು ಎಳೆದು ತಂದು ಮಾಳಿಗೆಯ ಮೇಲಿನ ಸಣ್ಣ ಕೋಣೆಗೆ ನುಗ್ಗಿಸಿದಳು. ಅಲ್ಲಿ ಹಳೆಯ ಗಾದಿಗಳ ಮೇಲೆ ಅವರ ಮೊದಲಿನ ಕಪ್ಪು ಬಿಳುಪು ಟಿವಿ ಮಣ್ಣು ತಿನ್ನುತ್ತ ಕೂತಿತ್ತು. ಅದರ ಹಿಂದೆ ವೈರಿನ ತುದಿ ತುರುಕಿ ಸೆರಗಿನಿಂದ ಧೂಳು ಒರೆಸುತ್ತಿದ್ದಾಗ ಕೆಳಗೆ ಜೀಪು ನಿಂತ ಸಪ್ಪಳವಾಯಿತು.

ದೇವೀಂದ್ರಪ್ಪ ಬಂದಿದ್ದಾರೆಂದರೆ ಓಣಿ ಸುಮ್ಮನಿದ್ದೀತೇ? ಅರ್ಧ ಜನ ಮಾಳಿಗೆಗೆ ಬಂದರು, ಉಳಿದರ್ಧ ಕೆಳಗೆ ಕತ್ತು ಎತ್ತಿ ನಿಂತರು. ಇಮಾಮುದ್ದೀನ್ ಟಾಕಿಯ ಹಿಂದೆ ಬಗ್ಗಿ, "ಎರಡು ವೈರ್ ಅದಾವ್ರಿ" ಎಂದ. ಎರಡನೆಯದನ್ನು ಹಿಡಿದು ನಡೆದ. ಅದು ಸಣ್ಣ ಕೋಣೆಯ ಬಾಗಿಲಿಗೆ ಬಂದು ನಿಂತಿತು.

ದೇವೀಂದ್ರಪ್ಪ ಒಳಗಿದ್ದ ಟಿವಿಯನ್ನು ನೋಡಿದರು, ಅವಳನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಲಿಂಗ ಮುಟ್ಟಿದ್ರಲ್ಲ ತಾಯಿ?"

"ಮುಟ್ಟಿದ್ದೆ" ಎಂದಳು ಶಿವಕಾಂತಮ್ಮ. "ಸುಳ್ಳು ಹೇಳ್ದೆ. ಇನ್ನೂರು ಕೊಡ್ತೀನಿ."

ಇಡೀ ಓಣಿಗೆ ಕೇಳುತ್ತಿದ್ದ ಅವಳ ದನಿ ಅಂದು ಕುಂಬಿಯನ್ನೂ ದಾಟಲಿಲ್ಲ. ಆದರೂ ಕೆಳಗಿದ್ದವರು ಒಬ್ಬರಿಗೊಬ್ಬರು ಹೇಳಿ ಮುಟ್ಟಿಸಿದರು. ಯಾರೋ ನಕ್ಕರು. ಮೆಟ್ಟಿಲ ಬಳಿ ಖಾಲಿ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ರೇವಮ್ಮ ನಿಂತಿದ್ದಳು. ಖಾನಾವಳಿಯಿಂದ ಬರುವಾಗ ಗದ್ದಲ ಕೇಳಿ, ಅಕ್ಕನಿಗೆ ಏನಾಯಿತೋ ಎಂದು ಮನೆಗೂ ಹೋಗದೆ ನೇರ ಹತ್ತಿ ಬಂದಿದ್ದಳು. ಅವಳು ಬಾಯಿ ತೆರೆದಳು. ನಮ್ಮ ವೈರೂ ಇಲ್ಲಿಂದಲೇ ಹೋಗಿದೆಯಲ್ಲ ಎಂದು ಒಂದು ಮಾತು ಆಡಿದರೆ ಎಲ್ಲವೂ ಮುಗಿಯುತ್ತಿತ್ತು.

"ಹಂಗ ಮಾಡಬಾರದಿತ್ತು ಅಕ್ಕಾ" ಎಂದಳು ರೇವಮ್ಮ. ಕಣ್ಣಲ್ಲಿ ನೀರಿತ್ತು. "ನಮ್ಮ ಕೊಳ್ಳಾಗ ಲಿಂಗ ಇಲ್ಲ. ನಿನ್ನ ಕೊಳ್ಳಾಗಿಂದು ನೋಡಿ ಕೈ ಮುಗೀತಿದ್ದೆವು. ನೂರು ರೂಪಾಯಿಗಿ ಅದನ್ನ ಮುಟ್ಟಿದಿ? ನಾ ರೊಟ್ಟಿ ಬಡಿದು ಕೊಡ್ತೀನಲ್ಲವ್ವಾ ಕೇಬಲಿಗಿ, ನಿನಗ ಆಗಲಿಲ್ಲೇನು?"

ನಿಜ ಶಿವಕಾಂತಮ್ಮನ ನಾಲಿಗೆಯ ತುದಿಯವರೆಗೆ ಬಂತು, ಅದನ್ನು ಅಲ್ಲಿಯೇ ಹಲ್ಲಿನಿಂದ ಹಿಡಿದಳು. ರೇವಮ್ಮ ಬುಟ್ಟಿ ಎತ್ತಿಕೊಂಡು ಇಳಿದುಹೋದಳು.

ಜನ ಚದುರಿದ ಮೇಲೆ ಇಮಾಮುದ್ದೀನ್ ಒಬ್ಬನೇ ಏಣಿ ಮಡಚುತ್ತ ಉಳಿದ. ಕುಂಬಿಯ ಬುಡದಲ್ಲಿ ಕೊಯ್ದು ಬಿದ್ದ ಸುತಳಿಯ ತುಂಡುಗಳನ್ನು ನೋಡಿದ, ಹಿಂದಿನ ಮನೆಯ ಬೆಳಕಿಂಡಿಯನ್ನು ನೋಡಿದ. ಶಿವಕಾಂತಮ್ಮ ಹತ್ತಿರ ಬಂದು, "ಎರಡನೇ ರೊಕ್ಕ ಕೊಡಾಕಿ ನಾನೇ. ಆ ವೈರು ಎಲ್ಲಿತ್ತೋ ಅಲ್ಲಿಗೇ ಹಾಕು. ಯಾರಿಗೂ ಹೇಳಬ್ಯಾಡಪ್ಪಾ" ಎಂದಳು. ಅವನು ಒಂದು ಮಾತೂ ಕೇಳದೆ ಏಣಿಯನ್ನು ಮತ್ತೆ ಬಿಚ್ಚಿದ. ಸಂಜೆಯ ದೀಪ ಹಚ್ಚುವಷ್ಟರಲ್ಲಿ ಗೋಡೆಯಾಚೆ ಹಾಡು ಹೊರಟಿತು.

ಅಂದಿನಿಂದ ಓಣಿಯಲ್ಲಿ ಶಿವಕಾಂತಮ್ಮನ ಬಾಯಿಗೆ ಯಾರೂ ಹೆದರಲಿಲ್ಲ. ನಳದವನು ನೀರನ್ನು ಬೇಗ ನಿಲ್ಲಿಸತೊಡಗಿದ. ಅವಳು ಏನಾದರೂ ಹೇಳಲು ಹೋದರೆ, "ಲಿಂಗ ಮುಟ್ಟಿ ಹೇಳ್ತೀರೇನು?" ಎಂದು ತರಕಾರಿಯವನೂ ನಗೆಯಾಡಿದ. ದೌಲಪ್ಪ ಇದನ್ನೆಲ್ಲ ಕಂಡು, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆಂದು ಎದ್ದ. ಅವಳೇ ಕೂಡ್ರಿಸಿದಳು. ರೇವಮ್ಮ ಮಾತ್ರ ಬರುವುದನ್ನೇ ಬಿಟ್ಟಿದ್ದಳು. ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಮುಂದಿನ ಸೋಮವಾರ ಬಾಗಿಲಲ್ಲಿ ನೆರಳು ಬಿತ್ತು. ರೇವಮ್ಮ ಒದ್ದೆ ತಲೆಗೆ ಸೆರಗು ಹೊದ್ದು, ಕಾಗದದಲ್ಲಿ ಮಡಚಿದ ವಿಭೂತಿ ಹಿಡಿದು ನಿಂತಿದ್ದಳು.

"ನನಗ ನಿದ್ದಿ ಹತ್ತಲಿಲ್ಲಕ್ಕಾ" ಎಂದಳು. "ಲಿಂಗದ ಆಣಿ ಸಣ್ಣದಲ್ಲ. ನಿನಗೇನರ ಆಗಿಗೀಗಿತ್ತು ಅಂತ ಜೀವ ಹೊಡ್ಕೊಂತು. ಶರಣಬಸಪ್ಪಗ ಹೋಗಿ ನಿನ್ನ ಹೆಸರಿಲೆ ತಪ್ಪುಗಾಣಿಕಿ ಹಾಕಿ ಬಂದೀನಿ. ಈ ವಾರದ ರೊಟ್ಟಿ ರೊಕ್ಕ ಇತ್ತು. ಹುಂಡ್ಯಾಗ ಹಾಕ್ದೆ. ಇನ್ನ ಅಂಜಬ್ಯಾಡ."

ಒಳಗಿನಿಂದ ಬರುತ್ತಿದ್ದ ದೌಲಪ್ಪ ಅದೇ ಹುಂಡಿಯ ಮಾತು ಕೇಳಿ ಅಲ್ಲಿಯೇ ನಿಂತುಬಿಟ್ಟ. ಶಿವಕಾಂತಮ್ಮ ಅವನ ಕಡೆ ನೋಡಲಿಲ್ಲ. ಗೋಡೆಯಾಚೆ ಕಾಶಿರಾಯ ಟಿವಿಯಲ್ಲಿ ಏನನ್ನೋ ಕಂಡು ಗಟ್ಟಿಯಾಗಿ ನಗುತ್ತಿದ್ದ. ಅವಳು ಬಾಗಿ ಹಣೆಯೊಡ್ಡಿದಳು, ರೇವಮ್ಮ ಮೂರು ಬೆರಳಿನಿಂದ ವಿಭೂತಿ ಹಚ್ಚಿದಳು. ಕೊರಳಿನ ಕರಡಿಗೆ ಮುಂದಕ್ಕೆ ಜೋಲಿದಾಗ ರೇವಮ್ಮ ಮೊದಲಿನ ಹಾಗೆಯೇ ಅದಕ್ಕೆ ಕೈ ಮುಗಿದಳು.

"ಒಳಗ ಬಾ, ಚಹಾ ಕುಡದು ಹೋಗು" ಎಂದಳು ಶಿವಕಾಂತಮ್ಮ. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.