ಇಕ್ಬಾಲ್

ಎಡಗೈಯ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಸುಗಲಾಬಾಯಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು, ಗೆಣ್ಣುಗಳನ್ನು ತೀಡಿದಳು, ಮತ್ತೆ ಒಂದೊಂದೇ ಬೆರಳನ್ನು ಎತ್ತಲು ನೋಡಿದಳು. ಅಂಗೈ ತೆರೆಯದಿದ್ದರೆ ಅದರಲ್ಲಿ ಲಿಂಗವನ್ನು ಇಡುವುದು ಹೇಗೆ? ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಈಶಮ್ಮನ ತಲೆ ತುಸು ವಾಲಿತ್ತು. ಹಣೆಯ ತುಂಬ ವಿಭೂತಿ. ಯಾರೋ ಹೇಳುವ ಮಾತಿಗೆ ಕಿವಿಗೊಟ್ಟು ಕೂತ ಹಾಗೆ ಕಾಣುತ್ತಿದ್ದಳು.

"ಜೋರ್ ಮಾಡಬ್ಯಾಡ್ರಿ ಅಕ್ಕಾ," ಎಂದಳು ಪಕ್ಕದ ಮನೆಯ ತಾರಾಬಾಯಿ. "ಇದ್ದಷ್ಟು ದಿನ ಕಂಡಕಂಡವರ ಮುಂದ ಅಂಗೈ ತೋರಿಸ್ಕೋತ ತಿರುಗಿದ್ಳು. ಈಗರ ಮುಚ್ಕೊಳ್ಳಿ ಬಿಡ್ರಿ."

ಸುಗಲಾಬಾಯಿ ಬಟ್ಟೆಯನ್ನು ಮತ್ತೆ ಬಿಸಿನೀರಿನಲ್ಲಿ ಅದ್ದಿದಳು. ಈಶಮ್ಮ ಅವಳ ನೆಗೆಣ್ಣಿ, ಮೈದುನ ಶಾಂತಪ್ಪನ ಹೆಂಡತಿ. ಮದುವೆಯಾದ ಕೆಲವೇ ವರ್ಷಕ್ಕೆ ಶಾಂತಪ್ಪ ಜ್ವರದಲ್ಲಿ ಹೋದ. ಅಂದಿನಿಂದ ಈಶಮ್ಮ ನಾರಾಯಣಖೇಡದ ಮನೆಮನೆಗೆ ಹೋಗಿ ಹಳೆಯ ಸೀರೆಗಳಿಗೆ ಸೂಜಿ ಹಾಕಿ ಕೌದಿ ಹೊಲಿದುಕೊಡುತ್ತಿದ್ದಳು. ಕಳುವಿನ ಮೊಕದ್ದಮೆಯಲ್ಲಿ ಜೈಲಿಗೆ ಹೋಗಿ ಬಂದ ಮೇಲೂ ಕೆಲವರು ಕರೆಯುತ್ತಿದ್ದರು, ಅಂಥ ಹೊಲಿಗೆ ಬೇರೆ ಯಾರ ಕೈಯಲ್ಲೂ ಇರಲಿಲ್ಲ. ಕೆಲಸ ಮುಗಿಸಿ ಹೊರಡುವಾಗ ಅವಳು ಹೊಸ್ತಿಲ ಮೇಲೆ ನಿಂತು ಸೆರಗನ್ನು ಬಿಚ್ಚಿ ಝಾಡಿಸುತ್ತಿದ್ದಳು. ಆಮೇಲೆ ಎರಡೂ ಅಂಗೈ ಮುಂದೆ ಮಾಡಿ ತೋರಿಸುತ್ತಿದ್ದಳು. ಮಕ್ಕಳು ನಗುತ್ತಿದ್ದವು. ತನ್ನ ಸ್ವಂತ ಮನೆಯ ಅಡುಗೆಮನೆಯಿಂದ ಹೊರಗೆ ಬರುವಾಗಲೂ ಹಾಗೆಯೇ ಮಾಡುತ್ತಿದ್ದಳು. ಯಾರೂ ಮಾಡೆಂದು ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ಸುಗಲಾಬಾಯಿಗೆ ಅಂಗಳದಿಂದ ಗಂಡ ಮನ್ಮಥಪ್ಪನ ದನಿ ಕೇಳಿಸಿತು.

"ಹಳ್ಳದ ದಂಡ್ಯಾಗ ತೋಡು, ದಶರಥ. ಹೊಲದಾಗ ಬ್ಯಾಡ."

"ಶಾಂತಪ್ಪನೋರ ಬಾಜೂಕ ಜಾಗಾ ಅದ ಅಲ್ರಿ ಧಣಿ?"

"ಹೇಳಿದಷ್ಟ ಮಾಡೋ."

ಸುಗಲಾಬಾಯಿಯ ಕೈ ನಿಂತಿತು. ಮೊನ್ನೆ ಜ್ವರ ಏರಿದ್ದಾಗ ಈಶಮ್ಮ ಅವಳ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಅಕ್ಕಾ, ನನಗ ಏನೂ ಬ್ಯಾಡ. ಅವರ ಬಾಜೂಕ ಇಡಾಕ ಹೇಳ್ರಿ." ಸುಗಲಾಬಾಯಿ ಹೂಂ ಎಂದಿದ್ದಳು.

ಅವಳು ಎದ್ದು ಬಾಗಿಲಿಗೆ ಬಂದಳು. "ಇಲ್ಲಿ ಕೇಳ್ರಿ. ಹೊಲದಾಗ ಯಾಕ ಬ್ಯಾಡ?"

ಮನ್ಮಥಪ್ಪ ದನಿ ತಗ್ಗಿಸಿದ. "ನಮ್ಮಪ್ಪ, ನಮ್ಮ ಮುತ್ಯಾ ಕುಂತಿರೋ ಹೊಲ ಅದು. ಕಳ್ಳಿನ್ನ ತಂದು ಅವರ ಸಾಲಿನಾಗ ಇಟ್ಟ ಅಂತ ನಾಳೆ ನಾಕು ಮಂದಿ ಅಂತಾರ."

"ಅನ್ನೋರು ಅಂದ್ಕೊಳ್ಳಿ. ಆಕಿ ಕೇಳಿದ್ದು ಅದೊಂದ."

"ಪೊಲೀಸ್ರು ಹೊಡದು ಹೇಳಿಸಿದ್ರ ಬ್ಯಾರೆ ಮಾತು. ಮುನಸೀಫ್ ಸಾಹೇಬ್ರ ಮುಂದ ತಾನ ಬಾಯಿಬಿಟ್ಟು ಕಬೂಲ್ ಮಾಡ್ಯಾಳ. ಅದಕ್ಕ ಏನಂತಿ?"

ಇಷ್ಟು ವರ್ಷ ಸುಗಲಾಬಾಯಿಯೂ ಹಿಡಿದುಕೊಂಡು ಬಂದದ್ದು ಅದೇ ಮಾತನ್ನು. ದಶರಥ ಸನಿಕೆ ಹೆಗಲಿಗೇರಿಸಿ ಹಳ್ಳದ ಕಡೆ ನಡೆದ.

*

ದೇಶಮುಖರ ವಾಡೆಯಲ್ಲಿ ಚಿನ್ನದ ಬೋರಮಾಳ ಸರ ಕಾಣೆಯಾದಾಗ ಈಶಮ್ಮ ಅಲ್ಲೇ ಹಿಂದಿನ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಅಷ್ಟು ಸಾಕಾಯಿತು. ಪೊಲೀಸರು ಬಂದು ಮನೆ ಹುಡುಕಿದರು. ಏನೂ ಸಿಗಲಿಲ್ಲ, ಆದರೂ ಮೊಕದ್ದಮೆ ಹೂಡಿದರು.

ವಕೀಲರನ್ನು ಹಿಡಿಯಿರಿ ಎಂದು ತಾರಾಬಾಯಿಯ ಗಂಡ ಹೇಳಿದ್ದ. ಮನ್ಮಥಪ್ಪ ಒಪ್ಪಿರಲಿಲ್ಲ. "ಕದೀಲಾರದಾಕಿಗೆ ವಕೀಲ್ ಯಾಕ? ವಕೀಲ್ನ ಹಿಡದ್ರ ಕದ್ದಾಳ ಅಂತ ನಾವ ಒಪ್ಪಿದಂಗ." ಆ ಮಾತು ಎಲ್ಲರಿಗೂ ಸರಿಯೆನಿಸಿತ್ತು.

ಮುನಸೀಫರ ಕಚೇರಿಗೆ ಹೋಗುವ ಬೆಳಿಗ್ಗೆ ಸುಗಲಾಬಾಯಿ ತಾನೇ ಅವಳ ತಲೆ ಬಾಚಿದಳು. ಅಲ್ಲಿಯ ಮಾತೆಲ್ಲ ಉರ್ದುವಿನಲ್ಲಿ, ಈಶಮ್ಮನಿಗೆ ಅದು ಬಾರದು. ಸುಗಲಾಬಾಯಿಯ ತವರಿನಲ್ಲಿ ಪಟವಾರಿಕೆ ಇತ್ತು. ಅಧಿಕಾರಿಗಳು ಬಂದರೆ ಅಪ್ಪ ಬಾಗಿ 'ಸರ್ಕಾರ್ ಕಾ ಇಕ್ಬಾಲ್ ಬುಲಂದ್ ರಹೇ' ಅನ್ನುತ್ತಿದ್ದುದನ್ನು ಬಾಗಿಲ ಮರೆಯಿಂದ ಕೇಳಿ ಬೆಳೆದವಳು. ಸರ್ಕಾರದ ಭಾಗ್ಯ ಬೆಳೆಯಲಿ ಎಂದು ಅದರ ಅರ್ಥ. ಅದನ್ನು ಕೇಳಿದರೆ ಎಂಥ ಸಿಡುಕಿನ ಸಾಹೇಬರ ಮುಖವೂ ಅರಳುತ್ತಿತ್ತು.

"ಅಷ್ಟುದ್ದ ನನಗ ಬರಲ್ರಿ ಅಕ್ಕಾ."

"ಹಂಗಾದ್ರ ಇಕ್ಬಾಲ್ ಅಂತ ಒಂದ ಅನ್ನು. ದೊಡ್ಡವ್ರು ಅವರು, ಮರ್ಯಾದಿ ಕೊಟ್ರ ದಯಾ ಮಾಡ್ತಾರ. ಸರ್ಕಾರದ ಮಾತು ಬಂದಾಗ ಅವರೂ ಅದನ್ನ ಅಂತಾರ. ಅವರ ಬಾಯಾಗ ಆ ಮಾತು ಬಂತಂದ್ರ ಸಾಕು, ನೀನೂ ಕೈ ಮುಗದು ಅದ ಅನ್ನು."

"ಗಿಳಿಗೆ ಕಲಿಸಿದಂಗ ಕಲಿಸ್ಲತ್ತೀರಲ್ಲ," ಎಂದು ಈಶಮ್ಮ ನಕ್ಕಳು. ಜಡೆ ಹೆಣೆದು ಮುಗಿಯುವವರೆಗೂ ಅವಳು ಅದನ್ನೇ ಹೇಳಿಕೊಳ್ಳುತ್ತಿದ್ದಳು. ಇಕ್ಬಾಲ್. ಇಕ್ಬಾಲ್. ಬಂಡಿ ಹತ್ತುವಾಗ ತಿರುಗಿ, ನೆನಪಿದೆ ಎಂಬಂತೆ ತಲೆಯಾಡಿಸಿದಳು.

ಮನ್ಮಥಪ್ಪನನ್ನು ಕಚೇರಿಯ ಒಳಗೆ ಬಿಡಲಿಲ್ಲ. ಅವನು ಬೇವಿನ ಮರದ ಕೆಳಗೆ ನಿಂತಿದ್ದ. ಹೊರಗೆ ಬಂದ ಯಾರೋ ಹೇಳಿದರು: "ನಿಮ್ಮಾಕಿ ಕಬೂಲ್ ಮಾಡ್ಯಾಳ."

*

ಮಧ್ಯಾಹ್ನ ಕಳೆದ ಮೇಲೆ ಸಾವಿನ ಮನೆಗೆ ವಿಠೋಬಾ ಬಂದ. ಮುನಸೀಫರ ಕಚೇರಿಯ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದವನು, ಈಗ ಕೆಲಸ ಬಿಟ್ಟಿದ್ದಾನೆ. ಅವನ ಮೊಮ್ಮಗನ ತೊಟ್ಟಿಲಿಗೆ ಈಶಮ್ಮ ಕೌದಿ ಹೊಲಿದುಕೊಟ್ಟಿದ್ದಳು. ಹೆಣಕ್ಕೆ ಕೈ ಮುಗಿದು ಹೊರಗಿನ ಕಟ್ಟೆಯ ಮೇಲೆ ಗಂಡಸರ ನಡುವೆ ಕೂತ.

"ಬಾ ವಿಠೋಬಾ," ಎಂದ ಒಬ್ಬ. "ನೀ ಒಮ್ಮಿ ಕೂಗಿ ನೋಡು. ನಿನ್ನ ದನಿಗೆ ಸತ್ತವ್ರೂ ಎದ್ದು ಹಾಜರ್ ಅಂತಿದ್ರು."

ಎಲ್ಲರೂ ಸಣ್ಣಗೆ ನಕ್ಕರು. ವಿಠೋಬಾನೂ ನಕ್ಕ, ಆಮೇಲೆ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ. "ಈಕಿ ಹೆಸರೂ ನಾನ ಕೂಗಿದ್ದು. ಪಾಪ, ಒಳಗ ಬಂದಾಕಿ ಕೈ ಮುಗದು ಇಕ್ಬಾಲ್ ಅಂದ್ಳು. ಗುಡಿಯಾಗ ದೇವರ ಮುಂದ ನಿಂತು ಅಂದಂಗ ಅಂದ್ಳು ನೋಡ್ರಿ. ಹಂಗ ನಕ್ಕೋತ ಇಕ್ಬಾಲ್ ಅಂದವ್ರನ್ನ ನಾ ಬ್ಯಾರೆ ಕಂಡಿಲ್ಲ. ಮನಸಿನ ಭಾರ ಇಳಿಸ್ಕೊಂಡ್ಳು ಅನ್ಕೊಂಡೆ."

ನೀರಿನ ತಂಬಿಗೆ ಹಿಡಿದು ಬಂದಿದ್ದ ಸುಗಲಾಬಾಯಿ ಹೊಸ್ತಿಲಲ್ಲೇ ನಿಂತಳು.

"ಏನಂದ್ಳು?"

"ಇಕ್ಬಾಲ್ ಅಂದ್ಳು ವೈನಿ. ಜುರ್ಮ್ ಕಾ ಇಕ್ಬಾಲ್ ಹೈ ಕ್ಯಾ, ಅಂತ ಸಾಹೇಬ್ರು ಕೇಳಿದ್ರು. ತಪ್ಪು ಒಪ್ಕೋತೀ ಏನು ಅಂತ. ನಾವು ಕಬೂಲ್ ಅಂತೀವಲ್ಲ, ಕಚೇರಿ ಮಾತಿನಾಗ ಅದಕ್ಕ ಇಕ್ಬಾಲ್ ಅಂತಾರ."

"ಇಕ್ಬಾಲ್ ಅಂದ್ರ ಭಾಗ್ಯ ಅಲ್ಲೇನು? ಸರ್ಕಾರದ ಭಾಗ್ಯ?"

"ಅದೂ ಖರೇನ. ಸಲಾಮಿನಾಗ ಭಾಗ್ಯ, ಕಟಕಟೆಯಾಗ ತಪ್ಪೊಪ್ಪಿಗಿ."

ಅವಳು ತಂಬಿಗೆಯನ್ನು ಹೊಸ್ತಿಲ ಮೇಲೆ ಇಟ್ಟಳು. "ಆಕಿಗಿ ಅದನ್ನ ಯಾರೂ ಬಿಡಿಸಿ ಹೇಳ್ಲಿಲ್ಲ?"

"ಹೇಳೋರು ಯಾರ್ರಿ? ವಕೀಲ್ ಇದ್ದಿದ್ರ ಹೇಳ್ತಿದ್ದ. ನನಗ ಈ ಭಾಷಾ ತಿಳಿಯಲ್ಲ ಅಂದಿದ್ರ ಕನ್ನಡದಾಗ ಹೇಳೋರನ್ನ ಕರಸ್ತಿದ್ರು. ಹೋಗ್ಲಿ, ಬಾಯಿ ಮುಚ್ಕೊಂಡು ನಿಂತಿದ್ರೂ ಆತಿತ್ತು. ಮಾಲು ಸಿಕ್ಕಿರ್ಲಿಲ್ಲ, ಕಂಡವ್ರು ಇರ್ಲಿಲ್ಲ, ಬಿಟ್ಟೇ ಬಿಡ್ತಿದ್ರು. ತಾನ ಇಕ್ಬಾಲ್ ಅಂದ ಮ್ಯಾಲ ಸಾಕ್ಷಿ ಯಾರಿಗಿ ಬೇಕ್ರಿ?"

*

ಜೈಲಿನಿಂದ ಬಂದ ದಿನ ಈಶಮ್ಮ ಬೀಸುವ ಕಲ್ಲಿನ ಮುಂದೆ ಕೂತು, ಏನನ್ನೂ ಬೀಸದೆ, ಗೂಟವನ್ನು ಮಾತ್ರ ಹಿಡಿದುಕೊಂಡಿದ್ದಳು. ಆ ಬೆಳಿಗ್ಗೆಯೇ ಉಗ್ರಾಣದ ಕೋಣೆಗೆ ಹಿತ್ತಾಳೆಯ ಹೊಸ ಬೀಗ ಬಿದ್ದಿತ್ತು. ಕೀಲಿ ಸುಗಲಾಬಾಯಿಯ ಸೊಂಟದಲ್ಲಿತ್ತು. ಅವಳು ನಡೆದಾಗಲೆಲ್ಲ ಅದು ಸದ್ದು ಮಾಡುತ್ತಿತ್ತು. ಈಶಮ್ಮ ಬೀಗವನ್ನು ನೋಡಿದ್ದಳು.

"ಅಕ್ಕಾ," ಎಂದಿದ್ದಳು. "ಇಕ್ಬಾಲ್ ಅಂದ್ರ ಏನ್ರಿ?"

"ಮುಗದ ಮಾತು ಯಾಕ ತಗೀತಿ? ಎದ್ದು ಮೈ ತೊಳ್ಕೊ ಹೋಗು."

ಅಷ್ಟೇ. ಒಂದೇ ಸಲ ಕೇಳಿದ್ದು. ಈಶಮ್ಮ ಎದ್ದು ಹೋಗುವಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು, ಸೆರಗು ಬಿಚ್ಚಿ ಝಾಡಿಸಿದಳು. ಅವಳು ಹಾಗೆ ಮಾಡಿದ್ದು ಅದೇ ಮೊದಲು. ಸುಗಲಾಬಾಯಿಗೆ ಆ ದಿನ ಅದು ಸೊಕ್ಕಿನಂತೆ ಕಂಡಿತ್ತು.

*

ದಶರಥ ಮಣ್ಣು ಮೆತ್ತಿದ ಕಾಲಲ್ಲಿ ಅಂಗಳಕ್ಕೆ ಬಂದ. "ಕುಣಿ ತಯಾರ ಆಗ್ಯದ್ರಿ ಧಣಿ."

ಮಠದ ಅಯ್ಯನವರು ಎದ್ದರು. ಗಂಡಸರೆಲ್ಲ ಎದ್ದರು. ಸುಗಲಾಬಾಯಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಅವರ ನಡುವೆ ಬಂದು ನಿಂತಳು. ಅಷ್ಟು ಗಂಡಸರ ಮುಂದೆ ಅವಳು ಹಿಂದೆಂದೂ ಬಾಯಿ ತೆರೆದವಳಲ್ಲ.

"ಆಕಿ ಕಬೂಲ್ ಮಾಡಿಲ್ಲ. ಸಲಾಮ್ ಮಾಡ್ಯಾಳ. ಅದು ಸಲಾಮಿನ ಮಾತು ಅಂತ ಕಲಿಸಿ ಕಳಿಸ್ದಾಕಿ ನಾನು."

ಮನ್ಮಥಪ್ಪನಿಗೆ ಮೊದಲು ತಿಳಿಯಲಿಲ್ಲ. ಅವಳು ಮತ್ತೆ ಹೇಳಿದಳು, ತಲೆ ಬಾಚಿದ್ದು, ಗಿಳಿಪಾಠ, ಎಲ್ಲ. "ಹಾಂ, ಅದಕ್ಕ ನಕ್ಕಿದ್ಳು," ಎಂದು ವಿಠೋಬಾ ತನಗೆ ತಾನೇ ಎಂಬಂತೆ ಅಂದ.

"ವಕೀಲ್ ಬ್ಯಾಡ ಅಂದವ ನಾನು," ಎಂದ ಮನ್ಮಥಪ್ಪ. ಆಮೇಲೆ ಕೈ ಚೆಲ್ಲಿದ. "ಈಗ ಕುಣಿ ತೋಡಿ ಆಗ್ಯದ. ತೋಡಿದ ಕುಣಿ ಖಾಲಿ ಬಿಟ್ರ ಮನಿಯಿಂದ ಇನ್ನೊಂದು ಜೀವ ಬೇಡ್ತದ."

"ಖಾಲಿ ಬಿಡಬ್ಯಾಡ್ರಿ."

ಅವಳು ಒಳಗೆ ಹೋದಳು. ಉಗ್ರಾಣದ ಬಾಗಿಲಿನಲ್ಲಿ ಬೀಗ ತೆರೆದ ಸದ್ದು ಹೊರಗಿನವರಿಗೂ ಕೇಳಿಸಿತು. ಬೀಗವನ್ನು ಕೀಲಿಯ ಸಮೇತ ತಂದು ದಶರಥನ ಮುಂದೆ ಇಟ್ಟಳು.

"ಇದನ್ನ ಹಾಕಿ ಮುಚ್ಚು."

ಹಿತ್ತಾಳೆ ಸವೆದು ನುಣುಪಾಗಿತ್ತು. ಮನ್ಮಥಪ್ಪ ಅದನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಗೋಡೆಗೆ ಒರಗಿಸಿದ್ದ ಇನ್ನೊಂದು ಸನಿಕೆಯನ್ನು ತಾನೇ ಎತ್ತಿಕೊಂಡ. "ನಡಿ ದಶರಥ. ಶಾಂತಪ್ಪನ ಬಾಜೂಕ ತೋಡೋಣು."

ಹೊರಡುವ ಹೊತ್ತಿಗೂ ಎಡಗೈ ಬಿಚ್ಚಿಕೊಳ್ಳಲಿಲ್ಲ. ಅಯ್ಯನವರು ಮುಚ್ಚಿದ ಮುಷ್ಟಿಯ ಮೇಲೆಯೇ ಲಿಂಗವನ್ನಿಟ್ಟು ಬಿಳಿಯ ಬಟ್ಟೆಯಿಂದ ಕಟ್ಟಿದರು. ಸುಗಲಾಬಾಯಿ ಆ ಗಂಟನ್ನು ಒಮ್ಮೆ ಮುಟ್ಟಿದಳು. ಏನೋ ಹೇಳಬೇಕೆಂದು ಬಾಗಿದವಳು ಹಾಗೆಯೇ ಎದ್ದಳು. ಕೇಳಬೇಕಾದವಳು ಕೇಳುವ ಹಾಗೆ ಕೂತಿದ್ದಳು, ಅಷ್ಟೇ.

ಹೆಂಗಸರು ಊರ ಅಗಸೆಯವರೆಗೆ ಹೋಗಿ ಮರಳಿದರು. ಸಂಜೆ ತಾರಾಬಾಯಿ ಒಲೆ ಹಚ್ಚಿ ಜೋಳದ ಹಿಟ್ಟು ಕೇಳಿದಳು. ಸುಗಲಾಬಾಯಿಯ ಕೈ ಅಭ್ಯಾಸದಂತೆ ಸೊಂಟಕ್ಕೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಉಗ್ರಾಣದ ಬಾಗಿಲು ತೆರೆದೇ ಇತ್ತು. ಹಿಟ್ಟು ತುಂಬಿಕೊಂಡು ಹೊರಗೆ ಬಂದಳು.

ಪಡಸಾಲೆಯ ಮೂಲೆಯಲ್ಲಿ ಅರ್ಧ ಹೊಲಿದ ಕೌದಿಯೊಂದು ಮಡಿಸಿಟ್ಟಿತ್ತು, ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು. ಅದರ ಮೇಲೆ ಗೋಡೆಯಲ್ಲಿ, ಈಶಮ್ಮ ದಿನವೂ ತಲೆ ಒರಗಿಸಿದ ಕಡೆ, ಎಣ್ಣೆಯ ಕಲೆ.

ಸುಗಲಾಬಾಯಿ ಹಿಟ್ಟಿನ ಬುಟ್ಟಿಯನ್ನು ಕೆಳಗಿಟ್ಟಳು. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ, ಆ ಕಲೆಯ ಎದುರು ನಿಂತು, ಒಮ್ಮೆ ಝಾಡಿಸಿದಳು. ಆಮೇಲೆ ಎರಡೂ ಅಂಗೈಗಳನ್ನು ತೆರೆದು ಮುಂದೆ ಮಾಡಿದಳು.